ವೇಣಿ ಹಲಗೆಯ ಪೇಟೆಂಟ್

ಆ ದಿನ ನಳದ ನೀರಿನ ಸರದಿ ನಮ್ಮ ಓಣಿಯದು. ಐದೂವರೆಗೆ ಎದ್ದು ಕೊಡ, ಬಕೆಟ್ಟು, ಬಚ್ಚಲಮನೆಯ ಡ್ರಮ್ಮು ಎಲ್ಲ ತುಂಬಿಸಿ, ಅಂಗಳಕ್ಕೆ ನೀರು ಚಿಮುಕಿಸಿ, ನಾಲ್ಕು ಎಳೆ ರಂಗೋಲಿ ಹಾಕಿ ಒಳಗೆ ಬಂದೆ. ಹಾಲು ಕಾಯುವಷ್ಟರಲ್ಲಿ ಹಿಟ್ಟು ನಾದಿ ಎಂಟು ರೊಟ್ಟಿ ಬಡಿದೆ. ನಮ್ಮ ಯಜಮಾನರು ರಾಯಬಾಗದ ಕಾಲೇಜೊಂದರಲ್ಲಿ ಪಾಠ ಹೇಳುತ್ತಾರೆ. ಎಂಟರ ಬಸ್ಸಿಗೆ ಅವರ ಡಬ್ಬಿ ಸಿದ್ಧವಾಗಬೇಕು. ಬದನೆಕಾಯಿ ಪಲ್ಯ, ಮೇಲೊಂದು ಚಮಚ ಗುರೆಳ್ಳು ಹಿಂಡಿ. ಇದಿಷ್ಟು ದಿನನಿತ್ಯದ ಕೆಲಸ. ದಿನದ್ದಲ್ಲದ ಕೆಲಸ ಅವರು ಹೋದ ಮೇಲೆ ಶುರುವಾಯಿತು.

ಪಡಸಾಲೆಯ ಗೋಡೆಯಿಂದ ಕ್ಯಾಲೆಂಡರ್ ತೆಗೆದೆ. ವಿಡಿಯೋದಲ್ಲಿ ಹಿಂದೆ ಬರೀ ಗೋಡೆ ಕಾಣಲಿ ಎಂದು ಕಾನೂನು ಕಾಲೇಜಿನವರು ಹೇಳಿದ್ದರು. ಅದು ಇದ್ದ ಜಾಗದಲ್ಲಿ ಹಳೆಯ ಬಣ್ಣ ಹಾಗೆಯೇ ಉಳಿದು ಒಂದು ಚೌಕ ಕಾಣುತ್ತಿತ್ತು. ಮಗಳು ಬಿಟ್ಟುಹೋದ ಲ್ಯಾಪ್‌ಟಾಪಿನ ಕ್ಯಾಮೆರಾದ ಮೇಲೆ ಯಾವತ್ತೋ ಅಂಟಿಸಿದ ಹಣೆಯ ಟಿಕಲಿ ಇತ್ತು; ಉಗುರಿನಿಂದ ಕೆರೆದು ಹತ್ತಿಬಟ್ಟೆಯಿಂದ ಒರೆಸಿದೆ. ಹನ್ನೊಂದೂವರೆಗೆ ಪೇಟೆಂಟ್ ಕಚೇರಿಯ ಅಧಿಕಾರಿಯ ಮುಂದೆ ವಿಡಿಯೋ ಮೂಲಕ ವಿಚಾರಣೆ. ಅರ್ಜಿ ನನ್ನದಲ್ಲ. ಅಥಣಿ ಕಡೆಯ ಹಳ್ಳಿಯೊಂದರಲ್ಲಿ ಚಪ್ಪಲಿಗೆ ಚರ್ಮದ ಜಡೆ ಹೆಣೆಯುವ ಒಬ್ಬ ಹೆಣ್ಣುಮಗಳದು. ಆ ಜಡೆಗೆ ಅವರು ವೇಣಿ ಎನ್ನುತ್ತಾರೆ. ನಾನು ಆಕೆಯ ಮಾತನ್ನು ಇಂಗ್ಲಿಷಿಗೆ ತರುವವಳು, ಅಷ್ಟೇ. ಆ ‘ಅಷ್ಟೇ’ ಎಂಬುದು ಎಷ್ಟು ದೊಡ್ಡದು ಎಂದು ಒಂದೂವರೆ ವರ್ಷದಲ್ಲಿ ಕಲಿತಿದ್ದೇನೆ.

ದೊಡ್ಡ ಊರೊಂದರ ಕಾನೂನು ಕಾಲೇಜಿನವರು ತಿಂಗಳಿಗೆ ಎರಡು ಶನಿವಾರ ಚಿಕ್ಕೋಡಿಗೆ ಬಂದು, ನಮ್ಮ ಮಹಿಳಾ ಮಂಡಳದ ಹಾಲ್‌ನಲ್ಲಿ ಮೇಜು ಹಾಕಿ ಕೂಡುತ್ತಿದ್ದರು. ಪೇಟೆಂಟ್, ಟ್ರೇಡ್‌ಮಾರ್ಕ್ ವಿಷಯದಲ್ಲಿ ಉಚಿತ ಸಲಹೆ ಎಂದು ಬಾಗಿಲಿಗೆ ಬ್ಯಾನರ್. ವಿದ್ಯಾರ್ಥಿಗಳು ಕೇಳಿ ಬರೆದುಕೊಳ್ಳುತ್ತಾರೆ, ಪೇಟೆಂಟ್ ಏಜೆಂಟ್ ಎಂದು ನೋಂದಣಿಯಾದ ಅವರ ಮೇಷ್ಟ್ರು ನೋಡಿ ಸಹಿ ಹಾಕುತ್ತಾರೆ. ಮೊದಲ ಶನಿವಾರ ಬಂದವರಲ್ಲಿ ಅರ್ಧ ಜನ ಆಧಾರ್ ಕಾರ್ಡಿನಲ್ಲಿ ಹೆಸರು ತಿದ್ದಿಸಲು ಬಂದಿದ್ದರು. ಒಬ್ಬರು ಹೊಲದ ಪಾಲುಪಟ್ಟಿಯ ಕಾಗದ ತಂದಿದ್ದರು. ಕಾಗವಾಡದ ದ್ರಾಕ್ಷಿ ಬೆಳೆಗಾರರೊಬ್ಬರು ಒಣದ್ರಾಕ್ಷಿ ಡಬ್ಬಿಗೆ ತಮ್ಮ ಮನೆದೇವರ ಹೆಸರಿಟ್ಟಿದ್ದರು, ಆ ಹೆಸರಿನಲ್ಲಿ ಆಗಲೇ ಎಷ್ಟೋ ಅರ್ಜಿಗಳಿವೆ ಎಂದು ವಿದ್ಯಾರ್ಥಿನಿ ಹೇಳಿದಾಗ, “ದೇವರು ಎಲ್ಲಾರಿಗೂ ಒಬ್ಬನ ಅಲ್ರಿ, ಅದಕ್ಕ ನಾ ಏನ್ ಮಾಡ್ಲಿ?” ಎಂದು ಬೇಜಾರಿನಿಂದ ಎದ್ದುಹೋದರು.

ವಿದ್ಯಾರ್ಥಿಗಳಿಗೆ ಪುಸ್ತಕದ ಕನ್ನಡ ಬರುತ್ತಿತ್ತು. ಅರ್ಧ ಮರಾಠಿ ಬೆರೆತ ನಮ್ಮ ಕಡೆಯ ಮಾತು ಬರುತ್ತಿರಲಿಲ್ಲ. ಮಂಡಳದ ಅಧ್ಯಕ್ಷರು ನನ್ನನ್ನು ಹಿಡಿದರು. “ನೀವು ಕಾನ್ವೆಂಟ್‌ನ್ಯಾಗ ಕಲ್ತವ್ರು. ನಾಕ ಮಾತ ಆ ಕಡೆ ಈ ಕಡೆ ಮಾಡ್ರಿ. ಮನ್ಯಾಗ ಕುಂತ ಏನ್ ಮಾಡ್ತೀರಿ?” ನಾನು ಮನೆಯಲ್ಲಿ ಕೂತು ಏನು ಮಾಡುತ್ತೇನೆ ಎಂದು ಹೇಳಲು ಹೋಗಲಿಲ್ಲ. ನಿಜ ಹೇಳಬೇಕೆಂದರೆ ಹಿಗ್ಗಾಗಿತ್ತು. ಸನ್ಯಾಸಿನಿಯರು ಕಲಿಸಿದ ಇಂಗ್ಲಿಷ್ ಇಷ್ಟು ವರ್ಷ ಔಷಧದ ಬಾಟಲಿ ಓದಲು ಮಾತ್ರ ಉಪಯೋಗಕ್ಕೆ ಬಂದಿತ್ತು.

ಮೂರನೆಯ ಶನಿವಾರ ಆಕೆ ಬಂದಳು. ಹಿಟ್ಟಿನ ಚೀಲದಲ್ಲಿ ಸುತ್ತಿದ ಒಂದು ಹಲಗೆ ಕಂಕುಳಲ್ಲಿ. ಕುರ್ಚಿ ತೋರಿಸಿದರೂ ನೆಲಕ್ಕೆ ಕೂತು ಹಲಗೆಯನ್ನು ಬಿಚ್ಚಿದಳು. ಮೊಳದುದ್ದದ ಬೇವಿನ ಹಲಗೆ. ತಲೆಯ ಕಡೆ ಮೂರು ಮೊಳೆ, ಮೊಳೆಗಳಿಗೆ ಹೊಲಿಗೆಯ ದಾರ ಮುಗಿದ ಮೂರು ಖಾಲಿ ರೀಲು. ಒಂದೊಂದು ರೀಲಿಗೂ ಹಳೆಯ ಸೈಕಲ್ ಬ್ರೇಕಿನ ಸ್ಪ್ರಿಂಗ್. ಚರ್ಮದ ಮೂರು ಪಟ್ಟಿಗಳನ್ನು ರೀಲಿಗೆ ಸುತ್ತಿ ಹೆಣೆಯುತ್ತ ಹೋದರೆ ಸ್ಪ್ರಿಂಗ್ ತಾನಾಗಿ ಬಿಗಿ ಹಿಡಿಯುತ್ತದೆ. ಕೆಳಗೆ ಒಂದು ಕಟ್ಟಿಗೆಯ ಚಿಮಟ, ಹೆಣೆದಷ್ಟು ಜಡೆಯನ್ನು ಎಳೆದಿಟ್ಟುಕೊಳ್ಳಲು. ಆಕೆ ಹೆಣೆದು ತೋರಿಸಿದಳು. ನಮ್ಮ ತಲೆಯ ಜಡೆಯನ್ನು ಅಷ್ಟು ಸಮನಾಗಿ ಯಾರೂ ಹೆಣೆದಿರಲಿಕ್ಕಿಲ್ಲ.

ಇದಕ್ಕೆ ಮೊದಲು ಅವರೆಲ್ಲ ಜಡೆಯ ತುದಿಯನ್ನು ಕಾಲಿನ ಹೆಬ್ಬೆರಳಿಗೆ ಸಿಕ್ಕಿಸಿ ಎಳೆದು ಹೆಣೆಯುತ್ತಿದ್ದರಂತೆ. ಆಕೆಯ ಹೆಬ್ಬೆರಳಿಗೆ ಜಾಲಿಮುಳ್ಳು ಚುಚ್ಚಿ ಕೀವಾಗಿ, ಬೆರಳಿಗೆ ಭಾರ ಹಾಕಬೇಡ ಎಂದು ಡಾಕ್ಟರ್ ಹೇಳಿದ ಮೇಲೆ ಕೆಲಸ ನಿಂತಿತು. ಮೂಲೆಗೆ ಬಿದ್ದ ಸೈಕಲ್ ಕಂಡಿತು. ಹದಿನೈದು ದಿನ ಒದ್ದಾಡಿ ಇದನ್ನು ಮಾಡಿದ್ದಳು. ಇದೆಲ್ಲ ಗೊತ್ತಾದದ್ದು ಆಮೇಲೆ, ಚಹಾ ಕುಡಿಯುತ್ತ ಕೂತಾಗ. ವಿದ್ಯಾರ್ಥಿನಿ ಕಂಪ್ಯೂಟರ್ ತೆರೆದಿಟ್ಟುಕೊಂಡು ಮೊದಲು ಕೇಳಿದ್ದು ಬೇರೆ: “ಇದನ್ನು ಕಂಡುಹಿಡಿದವರು ಯಾರು?”

ಆಕೆ ಸೆರಗು ಸರಿಮಾಡಿಕೊಂಡಳು. “ಇದರಾಗ ನಂದೇನ ಐತ್ರಿ? ಹಿರ್ಯಾರಿಂದ ಬಂದದ್ದು. ನಮ್ಮ ಅತ್ತಿ ಕಲಿಸಿದ್ದು. ನಾ ಏನೂ ಹೊಸಾದ ಮಾಡಿಲ್ರಿ.”

ನಾನು ಅದನ್ನು ಇಂಗ್ಲಿಷಿಗೆ ಮಾಡಿದೆ. ಒಂದಕ್ಷರ ಬಿಡಲಿಲ್ಲ. ಹೇಳಿದ್ದಕ್ಕೆ ಸೇರಿಸಬೇಡ, ಹೇಳಿದ್ದರಲ್ಲಿ ಕಳೆಯಬೇಡ ಎಂದು ನಮ್ಮ ಸಿಸ್ಟರ್ ಅನುವಾದದ ತರಗತಿಯಲ್ಲಿ ಹೇಳುತ್ತಿದ್ದರು. ವ್ಯಾಕರಣದ ತರಗತಿಯಲ್ಲಿ ವಾಕ್ಯ ಬಿಡಿಸುವ ಹುಡುಗಿಯ ಹಾಗೆ ಒಂದೊಂದು ಮಾತಿಗೂ ಒಂದೊಂದು ಮಾತು ಇಟ್ಟೆ. ವಿದ್ಯಾರ್ಥಿನಿ ಟಕಟಕನೆ ಹಾಗೆಯೇ ಇಳಿಸಿಕೊಂಡಳು. ಅರ್ಜಿಯ ಹಿನ್ನೆಲೆಯ ಭಾಗಕ್ಕೆ ಇದು ಬಹಳ ಚೆನ್ನಾಗಿದೆ, ಜೀವಂತವಾಗಿದೆ ಎಂದಳು. ಮೇಷ್ಟ್ರು ಮೇಲೆ ಮೇಲೆ ಕಣ್ಣಾಡಿಸಿ ಒಪ್ಪಿದರು.

ನನ್ನ ಹೋಳಿಗೆಯನ್ನು ಯಾರಾದರೂ ಹೊಗಳಿದರೆ ನಾನೂ ಹೇಳುವುದು ಅದನ್ನೇ: “ನಮ್ಮ ಅತ್ತಿಯವರ ಕೈಗುಣ ರೀ.” ನಮ್ಮ ಅತ್ತೆಗೆ ಹೋಳಿಗೆ ಲಟ್ಟಿಸಲು ಬರುತ್ತಿರಲಿಲ್ಲ, ಪಾಪ. ಯಾರೂ ನನ್ನ ಮಾತನ್ನು ನಿಜವೆಂದು ತಿಳಿಯುವುದಿಲ್ಲ. ನಾನು ‘ನಂದು’ ಎಂದರೆ ಮಾತ್ರ ತಲೆ ಎತ್ತಿ ನೋಡುತ್ತಾರೆ. ಇದು ಗೊತ್ತಿದ್ದೂ ಆ ಹೆಣ್ಣುಮಗಳ ಬಾಯಿಂದ ಬಂದಾಗ ನನಗೆ ಹೊಳೆಯಲಿಲ್ಲ. ಇಂಗ್ಲಿಷ್ ಮಾಡುವ ಭರದಲ್ಲಿ ಕನ್ನಡ ಕೇಳಿಸಲಿಲ್ಲ.

ಅರ್ಜಿ ಸಲ್ಲಿಕೆಯಾಯಿತು. ಹಲಗೆಯ ನಾಲ್ಕು ಚಿತ್ರ ಬರೆದು ಭಾಗಗಳಿಗೆ ಅಂಕಿ ಹಾಕಿದರು: ಒಂದು, ಹಲಗೆ, ಎರಡು, ರೀಲು, ಮೂರು, ಸ್ಪ್ರಿಂಗ್. ಅರ್ಜಿದಾರರು ಹೆಂಗಸಾದರೆ ಪರೀಕ್ಷೆಯನ್ನು ಬೇಗ ಮಾಡಿ ಎಂದು ಕೇಳುವ ಅವಕಾಶ ಕಾಯ್ದೆಯಲ್ಲೇ ಇದೆಯಂತೆ. ಅದಕ್ಕೂ ಒಂದು ಫಾರ್ಮು ತುಂಬಿದರು. ಆಕೆ ಸಹಿ ಹಾಕುವಾಗ ತನ್ನ ಹೆಸರಿನ ಪ್ರತಿ ಅಕ್ಷರಕ್ಕೂ ಪೆನ್ನನ್ನು ಎತ್ತಿ ಎತ್ತಿ ಇಡುತ್ತಿದ್ದಳು. ಆ ವಾರ ಕಾಲೇಜಿನವರು ಪತ್ರಿಕೆಗೆ ಫೋಟೋ ಕೊಟ್ಟರು: ಮಧ್ಯದಲ್ಲಿ ಪ್ರಾಂಶುಪಾಲರು, ಪಕ್ಕದಲ್ಲಿ ಹಲಗೆ ಹಿಡಿದು ನಿಂತ ಆಕೆ. ಹಲಗೆ ಸ್ಪಷ್ಟವಾಗಿ ಬಂದಿತ್ತು, ರೀಲು, ಸ್ಪ್ರಿಂಗ್ ಸಮೇತ. ಆಕೆಯ ಮುಖದ ಮೇಲೆ ಯಾರದೋ ಭುಜದ ನೆರಳು.

ಆ ಫೋಟೋ ನೋಡಿದವರಲ್ಲಿ ನಿಪ್ಪಾಣಿ ಕಡೆಯ ಒಬ್ಬ ಚಪ್ಪಲಿ ವ್ಯಾಪಾರಿಯೂ ಇದ್ದ. ಆಕೆಯ ಊರಿನ ಹೆಂಗಸರೆಲ್ಲ ವೇಣಿ ಹೆಣೆದು ಕೊಡುತ್ತಿದ್ದುದು ಅವನಿಗೇ. ಎರಡು ತಿಂಗಳಲ್ಲಿ ಅವನು ವೆಲ್ಡಿಂಗ್ ಅಂಗಡಿಯಲ್ಲಿ ಅದೇ ಚೌಕಟ್ಟನ್ನು ಕಬ್ಬಿಣದಲ್ಲಿ ಮಾಡಿಸಿ ಮನೆಮನೆಗೆ ಇಟ್ಟ. ಇನ್ನು ಮೇಲೆ ತನ್ನ ಚೌಕಟ್ಟಿನಲ್ಲಿ ಹೆಣೆದ ವೇಣಿ ಮಾತ್ರ ತೆಗೆದುಕೊಳ್ಳುತ್ತೇನೆ, ಚೌಕಟ್ಟಿಗೆ ಬಾಡಿಗೆ ಎಂದ. ಆಕೆಯ ಮನೆಗೂ ಒಂದು ತಂದಿಟ್ಟ.

ಆಕೆ ಫೋನಿನಲ್ಲಿ ಹೇಳಿದಳು: “ಅಕ್ಕಾರ, ನಾ ಅಂವಗ ಅಂದ್ನಿ, ಇದು ನಮ್ಮ ಮನ್ಯಾಗ ಹುಟ್ಟಿದ್ದು ಅಂತ. ಅಂವ ನಕ್ಕೊಂತ, ‘ನಿಂದು ಅಂತ ಎಲ್ಲಿ ಬರದೈತಿ, ತೋರಸ’ ಅಂದ. ನನ್ನ ಹಲಗಿ ಮ್ಯಾಲ ಹೆಣದದ್ದು ಒಂದೂ ತಗೋವಲ್ಲ. ನಮ್ಮ ಹಲಗಿ ಮೂಲ್ಯಾಗಿಟ್ಟು ಅವನ ಚೌಕಟ್ಟಿಗೆ ಬಾಡಗಿ ಕೊಟ್ಟು ಕೂಡಬೇಕೇನ್ರಿ?”

‘ನಿಂದು ಅಂತ ಎಲ್ಲಿ ಬರದೈತಿ.’ ಅಲ್ಲಿಗೆ ಪೇಟೆಂಟ್ ಎನ್ನುವುದು ಕಾಲೇಜಿನವರ ಫೋಟೋದ ವಿಷಯವಾಗಿ ಉಳಿಯಲಿಲ್ಲ. ಆಕೆಗೆ ಆ ಒಂದು ಕಾಗದ ಬೇಕಾಗಿತ್ತು. ಅದಿಲ್ಲದಿದ್ದರೆ ತಾನೇ ಮಾಡಿದ ವಸ್ತುವಿಗೆ ಜೀವನವಿಡೀ ಬಾಡಿಗೆ.

“ಬರ್ತೈತಿ, ತಡಿ” ಎಂದೆ. ಬರಲಿಲ್ಲ. ನಾಲ್ಕು ತಿಂಗಳು ಸುದ್ದಿಯೇ ಇಲ್ಲದಾಗ ನಾನೇ ಕಾಲೇಜಿಗೆ ಫೋನ್ ಮಾಡಿದೆ. ಮೂರು ಕಡೆ ತಿರುಗಿಸಿ ಕೊನೆಗೆ ಸಿಕ್ಕ ಹೊಸ ವಿದ್ಯಾರ್ಥಿ ಹುಡುಕಿ ನೋಡಿ ಹೇಳಿದ: ಪೇಟೆಂಟ್ ಕಚೇರಿಯ ಪರೀಕ್ಷಾ ವರದಿ ಬಂದು ಎರಡು ತಿಂಗಳಿಗೆ ಮೇಲಾಗಿದೆ. ಅದು ಹೋದದ್ದು ಹಳೆಯ ವಿದ್ಯಾರ್ಥಿನಿ ಅರ್ಜಿಯಲ್ಲಿ ಕೊಟ್ಟಿದ್ದ ಕಾಲೇಜಿನ ಇಮೇಲಿಗೆ. ಅವಳು ಪಾಸಾಗಿ ಹೋಗಿದ್ದಳು. ಆ ಇಮೇಲನ್ನು ಯಾರೂ ತೆರೆಯುತ್ತಿರಲಿಲ್ಲ. ಉತ್ತರಕ್ಕೆ ಇದ್ದದ್ದು ಆರು ತಿಂಗಳು. ತರಗತಿಗಳು ಆರು ತಿಂಗಳಿಗೆ ಬದಲಾಗುತ್ತವೆ ಮೇಡಮ್, ಎಂದು ಅವನು ಸಹಜವಾಗಿ ಹೇಳಿದ. ತಪ್ಪು ಅವನದಲ್ಲ. ಉಚಿತವಾಗಿ ಕೊಟ್ಟದ್ದನ್ನು ಯಾರೂ ಜೋಪಾನ ಮಾಡುವುದಿಲ್ಲ, ಕೊಡುವವರೂ ಸಹ.

ಅವನು ಕಳಿಸಿಕೊಟ್ಟ ವರದಿಯಲ್ಲಿ ಐದು ಆಕ್ಷೇಪಗಳು. ನಾಲ್ಕು ಸಣ್ಣವು: ಚಿತ್ರದಲ್ಲಿ ಒಂದು ಅಂಕಿ ತಪ್ಪಿದೆ, ಕ್ಲೇಮಿನ, ಅಂದರೆ ಹಕ್ಕು ಕೇಳುವ ಭಾಗದ, ಭಾಷೆ ಸಡಿಲವಾಗಿದೆ, ಇಂಥವು. ಐದನೆಯದನ್ನು ಒಲೆ ಆರಿಸಿ ಎರಡು ಸಲ ಓದಿದೆ. ಯಾವುದು ಆವಿಷ್ಕಾರವಲ್ಲ ಎಂದು ಕಾಯ್ದೆಯಲ್ಲಿ ಒಂದು ಪಟ್ಟಿ ಇದೆ. ಪರಂಪರೆಯಿಂದ ಬಂದ ಜ್ಞಾನ ಆ ಪಟ್ಟಿಯಲ್ಲಿದೆ. ಇದು ಹಿರಿಯರಿಂದ ಬಂದದ್ದು, ಅತ್ತೆ ಕಲಿಸಿದ್ದು, ತಾನು ಹೊಸದೇನೂ ಮಾಡಿಲ್ಲ ಎಂದು ಅರ್ಜಿದಾರರೇ ಅರ್ಜಿಯಲ್ಲಿ ಒಪ್ಪಿಕೊಂಡಿರುವುದರಿಂದ ಪೇಟೆಂಟ್ ಕೊಡಲು ಬರುವುದಿಲ್ಲ. ನನ್ನ ಇಂಗ್ಲಿಷನ್ನು ಎರಡು ಬದಿ ಉದ್ಧರಣ ಚಿಹ್ನೆ ಹಾಕಿ ಹಾಗೆಯೇ ಎತ್ತಿ ಬರೆದಿದ್ದರು. ವ್ಯಾಕರಣದ ತಪ್ಪು ಒಂದೂ ಇರಲಿಲ್ಲ.

ಮೇಷ್ಟ್ರು ಫೋನಿನಲ್ಲಿ ಒಂದು ದಾರಿ ಹೇಳಿದರು. ನಾನೇ ಒಂದು ಅಫಿಡವಿಟ್ ಕೊಡುವುದು: ಆಕೆ ಬೇರೆ ಏನೋ ಹೇಳಿದ್ದಳು, ಭಾಷಾಂತರದಲ್ಲಿ ನನ್ನಿಂದ ತಪ್ಪಾಯಿತು.

“ಆಕಿ ಹೇಳಿದ್ದು ಹಂಗ ಇತ್ರಿ ಸರ್. ನಾ ತಪ್ಪ ಮಾಡಿಲ್ಲ.”

“ಅಲ್ಲ ಮೇಡಮ್, ಮಾಡಿದೆ ಅಂತ ಹೇಳಿದರೆ ನಿಮಗೇನೂ ಆಗೋದಿಲ್ಲ.”

ಒಂದು ರಾತ್ರಿ ಯೋಚಿಸಿ ಬೆಳಗ್ಗೆ ಆಗುವುದಿಲ್ಲ ಎಂದೆ. ಪ್ರಮಾಣ ಮಾಡಿ ಸುಳ್ಳು ಬರೆಯುವುದು ನನ್ನಿಂದ ಆಗದು. ಈಗ ಅನ್ನಿಸುತ್ತದೆ, ನನ್ನ ಆ ಸತ್ಯಕ್ಕೆ ಬೆಲೆ ತೆತ್ತದ್ದು ನಾನಲ್ಲ. ಸತ್ಯ ಹೇಳುವ ಸುಖ ನನಗೆ, ಬಾಡಿಗೆ ಆಕೆಗೆ.

ಅದರ ಬದಲು ಎರಡು ಬೇರೆ ಅಫಿಡವಿಟ್ ತಯಾರಾದವು. ಒಂದು ನನ್ನದು: ಆ ಮಾತು ಆಕೆಯದೇ; ಆದರೆ ನಮ್ಮ ಕಡೆ ತನ್ನ ಕೆಲಸವನ್ನು ಹಿರಿಯರ ಹೆಸರಿಗೆ ಹಾಕಿ ಹೇಳುವುದು ಮರ್ಯಾದೆಯ ರೂಢಿ, ಅದು ಸಂಗತಿಯ ಹೇಳಿಕೆಯಲ್ಲ. ಇನ್ನೊಂದು ಆಕೆಯ ಅತ್ತೆಯದು. ಎಪ್ಪತ್ತು ದಾಟಿದ ಆ ಮುದುಕಿ, ನಮ್ಮ ಕಡೆ ಅಂಥವರಿಗೆ ಆಯಿ ಎನ್ನುತ್ತೇವೆ, ಅಥಣಿ ಬಸ್ಸಿನಲ್ಲಿ ಕೂತು ಚಿಕ್ಕೋಡಿಯ ಕೋರ್ಟಿನ ಬಳಿಯ ನೋಟರಿ ಹತ್ತಿರ ಬಂದಳು. ನೋಟರಿ ಓದಿ ಹೇಳಿದ್ದನ್ನು ಕೇಳಿ, “ಬರೀರಿ ಸಾಹೇಬ್ರ, ದಪ್ಪ ಅಕ್ಷರದಾಗ ಬರೀರಿ. ನನಗ ಚರ್ಮಾ ಹೊಲಿಯೂ ಆರಿ ಹಿಡಿಯೂದು ಗೊತ್ತು, ಮೊಳಿ ಬಡಿಯೂದು ಗೊತ್ತಿಲ್ಲ. ಸ್ಪ್ರಿಂಗ್ ಅಂದ್ರ ಏನಂತ ಈಕಿ ತೋರಿಸಿದ ಮ್ಯಾಲ ನೋಡೀನಿ” ಎಂದು ಹೆಬ್ಬೆಟ್ಟು ಒತ್ತಿದಳು. ಶಾಯಿಯ ಬೆರಳನ್ನು ತಲೆಗೂದಲಿಗೆ ಒರೆಸಿಕೊಂಡು ಸೊಸೆಯ ಕಡೆ ತಿರುಗಿ, “ಇನ್ನರ ನಿಂದು ಆತಿಲ್ಲ?” ಎಂದಳು. ಸೊಸೆ ನೆಲ ನೋಡಿ ನಕ್ಕಳು.

ಉತ್ತರ ಹೋಯಿತು. ವಿಚಾರಣೆಯ ನೋಟೀಸು ಬಂತು. ಆಗ ನಿರ್ಧಾರದ ಹೊತ್ತು. ಮೇಷ್ಟ್ರು ವಾದವನ್ನೆಲ್ಲ ಕಾಗದದ ಮೇಲೆ ಇಡೋಣ, ಅಫಿಡವಿಟ್‌ಗಳನ್ನು ತೋರಿಸೋಣ, ಆಕೆ ಮಾತಾಡುವುದು ಬೇಡ ಎಂದಿದ್ದರು. ಬೇಡ ಎಂದವರು ಅವರು. ಮಾತಾಡಲಿ ಎಂದವಳು ನಾನು. ಎಲ್ಲರೂ ಆಕೆಯ ಪರವಾಗಿ ಬರೆಯುತ್ತಲೇ ಇದ್ದೇವೆ, ಒಂದು ಸಲ ಆಕೆಯೇ ತನ್ನ ಬಾಯಿಂದ ‘ನಾನು ಮಾಡಿದೆ’ ಎನ್ನಲಿ, ಅದನ್ನು ಕೇಳಿದರೆ ಯಾರಿಗೂ ಅನುಮಾನ ಉಳಿಯುವುದಿಲ್ಲ, ಎಂದು ಹಟ ಹಿಡಿದೆ. ಮೇಷ್ಟ್ರು ಒಪ್ಪಿದರು.

ಫೋನಿನಲ್ಲಿ ಒಂದು ವಾರ ಅಭ್ಯಾಸ ಮಾಡಿಸಿದೆ.

“ಈ ಹಲಗಿ ಯಾರು ಮಾಡ್ಯಾರ?”

“ನಾ ಮಾಡೀನ್ರಿ.”

“ಮೊದಲ ಯಾರರ ಮಾಡಿದ್ರೇನು?”

“ಇಲ್ರಿ. ಯಾರೂ ಮಾಡಿದ್ದಿಲ್ರಿ.”

“ಜೋರಲೇ ಹೇಳ.”

“ನಾ ಮಾಡೀನ್ರಿ ಅಕ್ಕಾರ! ಸಾಕೇನು? ನಮ್ಮ ಎಮ್ಮಿ ಬೆದರಾಕತ್ತೈತಿ.”

ಇಬ್ಬರೂ ನಕ್ಕೆವು. ಅಭ್ಯಾಸದ ಹೊತ್ತಿನಲ್ಲಿ ಆಕೆ ಹಿತ್ತಲಲ್ಲಿ ಒಬ್ಬಳೇ ಇರುತ್ತಿದ್ದಳು ಎಂಬುದು ನನ್ನ ಲೆಕ್ಕಕ್ಕೆ ಬರಲಿಲ್ಲ.

ವಿಚಾರಣೆಯ ದಿನ ರಾಯಬಾಗದ ಮೇಲೆ ಬರುವ ಬಸ್ಸಿಳಿದು ಹತ್ತೂವರೆಗೆ ಆಕೆ ಬಂದಳು. ಜೊತೆಗೆ ಆಯಿ. “ಬ್ಯಾಡ ಅಂದ್ರೂ ಬೆನ್ನ ಹತ್ಯಾರ ನೋಡ್ರಿ” ಎಂದಳು ಸೊಸೆ. “ನನ್ನ ಸೊಸಿ ಸಾಹೇಬನ ಮುಂದ ಮಾತಾಡೂದು ನಾ ನೋಡಬ್ಯಾಡ?” ಎಂದಳು ಆಯಿ. ತೊಳೆದು ಮಡಿಕೆ ಹಾಕಿದ ಹಸಿರು ಇಳಕಲ್ ಸೀರೆ ಉಟ್ಟಿದ್ದಳು. ಮಡಿಕೆಯ ಗೆರೆಗಳು ಇನ್ನೂ ಬಿಟ್ಟಿರಲಿಲ್ಲ. ಇಬ್ಬರೂ ಹೊಸ್ತಿಲಿನ ಹೊರಗೇ ಚಪ್ಪಲಿ ಬಿಟ್ಟು, ಅಲ್ಲೇ ನಿಂತರು. ಒಳಗೆ ಬನ್ನಿ ಎಂದು ಎರಡು ಸಲ ಕರೆಯಬೇಕಾಯಿತು. ನೆಲಕ್ಕೆ ಕೂಡಲು ಹೊರಟ ಆಯಿಯ ರಟ್ಟೆ ಹಿಡಿದು ಕುರ್ಚಿಯ ಮೇಲೆ ಕೂಡಿಸಿದೆ. ನಾವು ಕುಡಿಯುವ ಕಪ್ಪಿನಲ್ಲೇ ಚಹಾ ಕೊಟ್ಟೆ. ಅವಳು ಆ ಕಪ್ಪನ್ನು ತಿರುಗಿಸಿ ತಿರುಗಿಸಿ ನೋಡಿದಳು.

ಆಕೆ ಮಾತಾಡುವಾಗ ನಮ್ಮಿಬ್ಬರನ್ನು ಬಿಟ್ಟು ಕೋಣೆಯಲ್ಲಿ ಬೇರೆ ಯಾರೂ ಇರಬಾರದು ಎಂದು ವಿದ್ಯಾರ್ಥಿ ಹಿಂದಿನ ದಿನ ಸಂದೇಶ ಕಳಿಸಿದ್ದ. ಹನ್ನೊಂದು ಇಪ್ಪತ್ತಕ್ಕೆ ಅದು ನೆನಪಾಯಿತು. ನಮ್ಮದು ಎರಡು ಕೋಣೆಯ ಮನೆ. ಒಳಗೆ ಅಡುಗೆಮನೆಯಲ್ಲಿ ನಿಂತರೆ ಮಾತೆಲ್ಲ ಕೇಳಿಸುತ್ತದೆ. ಉಳಿದದ್ದು ಹೊರಗಿನ ಕಟ್ಟೆ.

ಆಯಿಗೆ ‘ಹೊರಗ ಕೂಡ್ರಿ’ ಎನ್ನಬೇಕಿತ್ತು. ಅದೇ ಮಾತನ್ನು ಆ ಮುದುಕಿಗೆ ಎಷ್ಟು ಮನೆಗಳ ಎಷ್ಟು ಹೊಸ್ತಿಲುಗಳು ಹೇಳಿರಬಹುದು. ಕುರ್ಚಿಯ ಮೇಲೆ ಕೂಡಿಸಿ, ನಮ್ಮ ಕಪ್ಪಿನಲ್ಲಿ ಚಹಾ ಕೊಟ್ಟು, ಒಂದು ಗಂಟೆಯೊಳಗೆ ಹೊರಗೆ ಕಳಿಸುವುದೇ? ಬಾಯಿ ತೆರೆದೆ. ಆಯಿ ನನ್ನನ್ನೇ ನೋಡುತ್ತಿದ್ದಳು, ಸೊಸೆಯ ಹಾಡು ಕೇಳಲು ಬಂದವಳ ಹಾಗೆ. ಬಾಯಿ ಮುಚ್ಚಿಕೊಂಡೆ. ಆಯಿಯನ್ನು ಸೊಸೆಯ ಪಕ್ಕದಲ್ಲೇ, ಕ್ಯಾಮೆರಾದಿಂದ ಸ್ವಲ್ಪ ಆಚೆಗೆ ಕೂಡಿಸಿದೆ. ಏನಾದೀತು ಎಂದುಕೊಂಡೆ.

ಪರದೆಯಲ್ಲಿ ಮೂರು ಚೌಕ: ಅಧಿಕಾರಿ, ಕಾಲೇಜಿನಿಂದ ಮೇಷ್ಟ್ರು ಮತ್ತು ವಿದ್ಯಾರ್ಥಿ, ನಾವು. ಅಧಿಕಾರಿ ನಡುವಯಸ್ಸಿನವರು, ಮೆಲುದನಿ. ಮೇಷ್ಟ್ರು ಹತ್ತು ನಿಮಿಷ ವಾದಿಸಿದರು. ಜಡೆ ಪರಂಪರೆಯದು, ಒಪ್ಪುತ್ತೇವೆ. ರೀಲು, ಸ್ಪ್ರಿಂಗ್, ಚಿಮಟ ಸೇರಿದ ಈ ಸಾಧನ ಪರಂಪರೆಯದಲ್ಲ. ಸೈಕಲ್ ಬ್ರೇಕು ಯಾವ ಪರಂಪರೆ? ಅಧಿಕಾರಿ ನಕ್ಕರು. ಒಳ್ಳೆಯ ಲಕ್ಷಣ ಎನ್ನಿಸಿತು. ಅರ್ಜಿದಾರರೇ ಬಂದಿರುವುದರಿಂದ ಒಂದೇ ಪ್ರಶ್ನೆ ಕೇಳುತ್ತೇನೆ ಎಂದರು. ನಾನು ಕನ್ನಡಕ್ಕೆ ಮಾಡಿದೆ: “ಈ ಹಲಗಿ ಮಾಡೂದು ಮೊದಲ ನಿಮ್ಮ ಮನ್ಯಾಗ ಯಾರಿಗರ ಗೊತ್ತಿತ್ತೇನು?”

ಆಕೆ ಬಾಯಿ ತೆರೆದಳು. ‘ನಾ’ ಎಂದಳು. ಎಡಕ್ಕೆ ಕಣ್ಣು ಹೋಯಿತು. ಅಲ್ಲಿ ಹಸಿರು ಸೀರೆಯ ಆಯಿ, ಮುಂದಕ್ಕೆ ಬಾಗಿ, ಕಣ್ಣರಳಿಸಿ ಕಾಯುತ್ತಿದ್ದಳು. ಸೊಸೆಯ ಕೈ ತಾನಾಗಿ ತಲೆಯ ಮೇಲಿನ ಸೆರಗಿಗೆ ಹೋಯಿತು.

“ನಂದೇನ ಐತ್ರಿ ಸಾಹೇಬ್ರ. ಎಲ್ಲಾ ನಮ್ಮ ಅತ್ತಿಯವರದ. ಅವರಿಲ್ದ ನಾ ಏನ ಮಾಡತಿದ್ನಿ.”

ಎಲ್ಲರೂ ನನ್ನ ಮಾತಿಗೆ ಕಾಯುತ್ತಿದ್ದರು. ಆ ಒಂದು ಕ್ಷಣದಲ್ಲಿ ನನಗೆ ಎರಡು ದಾರಿ ಇದ್ದವು. ಮೊದಲ ಸಲ ಪೂರ್ತಿ ಹೇಳಿ ಕೆಡಿಸಿದ್ದೆ. ಈ ಸಲ ಬೇರೆ ಹೇಳಿದೆ. ಇಲ್ಲ ಸರ್, ಯಾರಿಗೂ ಗೊತ್ತಿರಲಿಲ್ಲ, ಅತ್ತೆಯವರ ಆಶೀರ್ವಾದದಿಂದ ತಾನೇ ಮಾಡಿದೆ ಎನ್ನುತ್ತಾಳೆ, ಎಂದು ಇಂಗ್ಲಿಷಿನಲ್ಲಿ ಹೇಳಿದೆ. ಅಫಿಡವಿಟ್ಟಿನಲ್ಲಿ ಸುಳ್ಳು ಬರೆಯಲಾರೆ ಎಂದಿದ್ದವಳು.

ಅಧಿಕಾರಿ ಪೆನ್ನು ಕೆಳಗಿಟ್ಟರು. ಆಮೇಲೆ ಕನ್ನಡದಲ್ಲೇ ಹೇಳಿದರು: “ನನಗೆ ಸ್ವಲ್ಪ ಕನ್ನಡ ಬರುತ್ತೆ, ಅಮ್ಮ. ‘ಎಲ್ಲಾ ಅತ್ತೆಯವರದೇ’ ಅಂದರು ಅಲ್ವಾ?”

ಹೌದು ಎಂದೆ. ಇದು ನಮ್ಮ ಕಡೆಯ ಮಾತಿನ ರೀತಿ ಎಂದು ವಿವರಿಸಹೊರಟೆ, ನನ್ನ ಹೋಳಿಗೆಯ ಉದಾಹರಣೆಯನ್ನೂ ಕೊಟ್ಟೆ ಎಂದು ಕಾಣುತ್ತದೆ. ಅಷ್ಟರಲ್ಲಿ ಆಯಿಗೆ ಏನೋ ಎಡವಟ್ಟಾಯಿತೆಂದು ತಿಳಿಯಿತು. ಕುರ್ಚಿ ಸರಿಸಿಕೊಂಡು ಕ್ಯಾಮೆರಾದೊಳಗೆ ಬಂದುಬಿಟ್ಟಳು.

“ಏ ಸಾಹೇಬ್ರ! ನಾ ಏನೂ ಮಾಡಿಲ್ರೀ! ಸುಳ್ಳ ಹೇಳತಾಳ ಈಕಿ. ಎಲ್ಲಾ ಈಕಿನ ಮಾಡ್ಯಾಳ!”

“ಹಂಗ ಅನಬ್ಯಾಡ್ರಿ ಅತ್ತಿ” ಎಂದಳು ಸೊಸೆ, ಕಣ್ಣಲ್ಲಿ ನೀರು ತಂದುಕೊಂಡು. “ನೀವು ಕೈ ಹಿಡದ ಕಲಿಸದಿದ್ರ…”

“ವೇಣಿ ಕಲಿಸೀನಿ, ಹಲಗಿ ಎಲ್ಲಿ ಕಲಿಸೀನಿ? ಮುಚ್ಚ ಬಾಯಿ!”

ಅಧಿಕಾರಿ ಇಬ್ಬರನ್ನೂ ಕೊನೆಯವರೆಗೆ ಕೇಳಿದರು. ಮರ್ಯಾದೆಯಿಂದಲೇ ಕೇಳಿದರು. ಈ ಹಿರಿಯರು ಮೊದಲಿನಿಂದಲೂ ಕೋಣೆಯಲ್ಲಿದ್ದರೇ ಎಂದು ನನ್ನನ್ನು ಕೇಳಿದರು. ಹೌದು ಎಂದೆ. ಏನನ್ನೋ ಬರೆದುಕೊಂಡರು. ಮೇಷ್ಟ್ರು ಹಣೆಗೆ ಕೈ ಹಚ್ಚಿ ಕೂತದ್ದು ಸಣ್ಣ ಚೌಕದಲ್ಲಿ ಕಾಣುತ್ತಿತ್ತು. ಅಧಿಕಾರಿ ಹೇಳಿದರು: “ಅರ್ಜಿಯಲ್ಲಿ ಇರುವ ಮಾತನ್ನೇ ಅರ್ಜಿದಾರರು ಇವತ್ತೂ ಹೇಳಿದ್ದಾರೆ. ಅವರು ಹೇಳಿದ್ದನ್ನು ನಾನು ದಾಖಲಿಸಬೇಕು, ಅವರ ಮನಸ್ಸಿನಲ್ಲಿ ಇರುವುದನ್ನು ದಾಖಲಿಸಲು ನನಗೆ ಬರುವುದಿಲ್ಲ.” ಬೇಕಿದ್ದರೆ ಹದಿನೈದು ದಿನಗಳಲ್ಲಿ ಲಿಖಿತ ವಾದ ಸಲ್ಲಿಸಿ ಎಂದರು. ಪರದೆಯಲ್ಲಿ ನಮ್ಮ ಚೌಕ ಒಂದೇ ಉಳಿಯಿತು; ಮೂವರು ಹೆಂಗಸರು, ಹಿಂದೆ ಗೋಡೆಯ ಮೇಲೆ ಬೇರೆ ಬಣ್ಣದ ಜಾಗ.

ಐದು ನಿಮಿಷಕ್ಕೆ ಮೇಷ್ಟ್ರ ಫೋನು. ಲಿಖಿತ ವಾದ ಕೊಡೋಣ, ಆದರೆ ಆಸೆ ಇಟ್ಟುಕೊಳ್ಳಬೇಡಿ ಎಂದರು. “ಬೇರೆ ಯಾರೂ ಇರಬಾರದು ಅಂತ ಹೇಳಿದ್ದೆವಲ್ಲ ಮೇಡಮ್” ಎಂದರು. ಬೈಗುಳದ ದನಿಯಲ್ಲಿ ಹೇಳಿದ್ದರೆ ಹಗುರಾಗುತ್ತಿತ್ತು. ಅರ್ಜಿ ತಿರಸ್ಕಾರವಾದ ಆದೇಶ ಬಂದದ್ದು ಕೆಲವು ವಾರಗಳ ನಂತರ. ಆದರೆ ಅದನ್ನು ಓದುವ ಅಗತ್ಯ ನಮಗಿರಲಿಲ್ಲ.

ಊಟಕ್ಕೆ ಬಡಿಸಿದೆ. ಆಯಿ ರೊಟ್ಟಿ ಮುರಿದು ಹಾಗೆಯೇ ಇಟ್ಟಳು. “ಒಮ್ಮಿ ನಂದು ಅಂದಿದ್ರ ನಿನ್ನ ನಾಲಗಿ ಸುಡತಿತ್ತೇನ? ನಾ ಹೆಬ್ಬಟ್ಟ ಒತ್ತಿದ್ದು ಯಾರಿಗಿ?” ಎಂದು ಸೊಸೆಯನ್ನು ಬೈಯುತ್ತಲೇ ಇದ್ದಳು. ಸೊಸೆ ತಲೆ ಎತ್ತಲಿಲ್ಲ. ಕೈ ತೊಳೆಯಲು ಹಿತ್ತಲಿಗೆ ಬಂದಾಗ ಮೆಲ್ಲನೆ ನನ್ನನ್ನು ಕೇಳಿದಳು:

“ನಾ ತಪ್ಪ ಅಂದ್ನೇನ್ರಿ ಅಕ್ಕಾರ?”

“ಇಲ್ಲವ್ವ.”

“ಅಂವ ಸಾಹೇಬ ಶ್ಯಾಣ್ಯಾ ಕಂಡ. ತಿಳಕೊಂತಾನ ಅಂದ್ಕೊಂಡ್ನಿ. ಅತ್ತಿ ಮುಂದ ಕುಂತು ‘ನಾ’ ಅಂತ ಹ್ಯಾಂಗ ಅನ್ಲಿ? ಬಾಯಿಗಿ ಬರಲಿಲ್ರಿ.”

ಬಾಯಿಗೆ ಬಾರದ ಮಾತು ನನ್ನ ಬಳಿಯೂ ಒಂದಿತ್ತು, ‘ಹೊರಗ ಕೂಡ್ರಿ’ ಎಂಬುದು, ಅದೂ ಅದೇ ಹೊತ್ತಿನಲ್ಲಿ, ಅದೇ ಕೋಣೆಯಲ್ಲಿ. ಅದನ್ನು ಆಕೆಗೆ ಹೇಳಲಿಲ್ಲ. ಹೇಳಿದರೆ ಆಯಿಗೆ ಗೊತ್ತಾಗುತ್ತಿತ್ತು, ತಾನು ಬಂದದ್ದರಿಂದಲೇ ಕೆಟ್ಟಿತೆಂದು.

ಮೂರರ ಬಸ್ಸಿಗೆ ಅವರನ್ನು ಬಿಟ್ಟು ಬಂದೆ. ಬಸ್‌ಸ್ಟ್ಯಾಂಡಿನಲ್ಲಿ ಸೊಸೆ ಹೇಳಿದಳು, ನಾಳೆಯಿಂದ ಆ ವ್ಯಾಪಾರಿಯ ಚೌಕಟ್ಟಿನ ಮೇಲೇ ಕೂಡುತ್ತೇನೆ, ಇನ್ನೆಷ್ಟು ದಿನ ಖಾಲಿ ಕೂಡುವುದು ಎಂದು. ಅದನ್ನು ಹೇಳುವಾಗ ಆಯಿಯ ಚೀಲ, ಕೋಲು, ನೀರಿನ ಬಾಟಲಿ ಮೂರನ್ನೂ ಹಿಡಿದುಕೊಂಡು, ಆಯಿಗೆ ಕಿಟಕಿಯ ಪಕ್ಕದ ಸೀಟು ಸಿಗುವಂತೆ ಜನರ ನಡುವೆ ದಾರಿ ಮಾಡುತ್ತಿದ್ದಳು.

ಸಂಜೆ ಬಟ್ಟೆ ಮಡಚುತ್ತ ಕಟ್ಟೆಯ ಮೇಲೆ ಕೂತಿದ್ದೆ. ಪಕ್ಕದ ಮನೆಯ ಹಿರಿಯಾಕೆ, ನಾನು ವೈನಿ ಎಂದು ಕರೆಯುವವರು, ಮೆಂತ್ಯದ ಸೊಪ್ಪು ಸೋಸುತ್ತ ಬಂದು ಕೂತರು. ಬೆಳಗ್ಗೆ ಬಂದಿದ್ದವರು ಯಾರು ಎಂದು ಕೇಳಿದರು. ಯಾರಿಗಾದರೂ ಹೇಳಬೇಕಾಗಿತ್ತು, ಎಲ್ಲವನ್ನೂ ಹೇಳಿದೆ. ಹಲಗೆ, ಕಾಲೇಜು, ವ್ಯಾಪಾರಿ, ಅಧಿಕಾರಿಯ ಪ್ರಶ್ನೆ, ಆಕೆ ಅತ್ತೆಯ ಕಡೆ ನೋಡಿದ್ದು, ಸೆರಗಿಗೆ ಕೈ ಹೋದದ್ದು, ‘ಎಲ್ಲಾ ಅತ್ತಿಯವರದ’ ಎಂದದ್ದು. ವೈನಿ ಸೊಪ್ಪಿನ ಕಡ್ಡಿ ಮುರಿಯುವುದನ್ನು ನಿಲ್ಲಿಸಿ ಕೇಳಿದರು. ಕೊನೆಗೆ ದಂಟುಗಳನ್ನು ಸೆರಗಿನಿಂದ ಕೊಡವಿ ಎದ್ದರು.

“ಏನ ಅನ್ರಿ, ಸೊಸಿ ಅಂದ್ರ ಹಿಂಗಿರಬೇಕ ನೋಡ್ರಿ. ನಮ್ಮ ಸಣ್ಣಾಂವಗೂ ಅಂಥಾಕಿ ಒಬ್ಬಾಕಿ ಸಿಕ್ಕರ ಸಾಕ.”